ಷರಾ

ಮೂರನೇ ಸಲ ಬಂದಾಳ ಬೀಬಿಜಾನ್ ಹೆಬಸೂರ,
ದುರ್ಗದ ಬೈಲಿನಾಗ ಗಿರ್ಮಿಟ್ ಮಾಡಾಕಿ.
ಮೂರನೇ ಸಲ ಅದ ಉರಿ, ಅದ ಚಳಿಜ್ವರ,
ಬಾಟ್ಲಿ ಮ್ಯಾಲ ನನ್ನ ಅಕ್ಷರದಾಗ ಅದ ಹೆಸರು.
ಈ ಸಲ ಚೀಲದಾಗ ಮತ್ತೊಂದು ತಂದಾಳ:
ಗುಳಿಗಿ ನುಂಗಿ ಉಳಿದ ಬೆಳ್ಳಿಹಾಳಿ,
ಒಂದೊಂದು ಮನಿಯೂ ಒಡದದ್ದು.
"ನಡುವ ಬಿಟ್ಟಿರಬೇಕು ನೀ, ಅಂತಾರ ಡಾಕ್ಟರು.
ಎಣಸ್ರಿ ಬಾಯಾರ. ನೀವರ ಎಣಸ್ರಿ."

ಎಣಿಸಿದೆ. ಇಪ್ಪತ್ತೊಂದು. ಒಂದೂ ತಪ್ಪಿಲ್ಲ.

ಹತ್ತೊಂಬತ್ತು ವರ್ಷ ಆತು, ಈ ಕೋಣ್ಯಾಗ ಕುಂತು
ಹುಬ್ಬಳ್ಳಿ ಮಂದಿ ಉಚ್ಚಿ ಬಿತ್ತಿ ಬೆಳಿ ತಗಿಯಾಕ್ಹತ್ತಿ.
ಮರುದಿನ ತಟ್ಟಿ ಬೆಳಕಿಗೆ ಹಿಡದೆ:
ಅಂಚಿನ ತನಕ ಮಂಜಿನಂಗ ಹಬ್ಬಿದ ಬೆಳಿ,
ಔಷಧದ ಬಿಲ್ಲೆ ಸುತ್ತ ಮಾತ್ರ
ಸಾರಿಸಿದ ಕಣದಂಗ ಚೊಕ್ಕ ಬಯಲು.
ಅಳತಿಪಟ್ಟಿ ಇಟ್ಟೆ. ಇಪ್ಪತ್ನಾಕು ಮಿಲಿಮೀಟರ್.
ಅಂದ್ರ ಔಷಧ ತಾಗತದ. ಅಂದ್ರ ಸಾಯ್ತಾವ.
ಅಂದ್ರ ವರದಿಯಾಗ ನಾ ಬರಿಯೂದು ಒಂದ ಅಕ್ಷರ,
ಅಂದ್ರ
ಬೀಬಿಜಾನ್ ಸುಳ್ಳು ಹೇಳ್ಯಾಳ.

ಸಂಜಿಗೆ, ಯಾರೂ ಹೇಳದ,
ಬಿಲ್ಲೆ ಕಿತ್ತೊಗದು ಅದ ಜಾಗಾದಾಗ
ಸಕ್ಕರಿ ನೀರಿನ ಬಿಲ್ಲೆ ಇಟ್ಟು ಮನಿಗೆ ಹೋದೆ.
ಮುಂಜಾನೆ ಆ ಬಯಲಿನಾಗ
ಸಾಸಿವಿಗಿಂತ ಸಣ್ಣವು
ಏಳು ಚುಕ್ಕಿ.

ಔಷಧ ಬಂದದ್ದು
ಗೋಡಿ ಕಟ್ಟೋ ಗೌಂಡ್ಯಾನ ಕೈ ಮುರಿಯಾಕ.
ಇವು ಆ ಹೊತ್ತು ಗೋಡಿನ ಕಟ್ಟತಿರಲಿಲ್ಲ,
ಮಲಗಿದ್ದವು.

ಬ್ಯಾರೆ ಕುಲದವಲ್ಲ ಮತ್ತ.
ಒಬ್ಬ ತಾಯಿ ಸೀಳಿ ಇಬ್ಬರು, ಇಬ್ಬರು ಸೀಳಿ ನಾಕು,
ಎಲ್ಲಾರ ಹೊಟ್ಟ್ಯಾಗೂ ಒಂದ ಬರಹ, ಕಾಮಾ ಸುದ್ದಾ ಬದಲಿಲ್ಲ.
ಹಂಗಾರ ಲಕ್ಷದಾಗ ಈ ಏಳಕ್ಕ ಮಾತ್ರ
ನಿದ್ದಿ ಎಲ್ಲಿಂದ ಬಂತು?

ಬೀಬಿಜಾನಳ ಬುಟ್ಟಿ ನೋಡ್ರಿ.
ಒಂದ ಒಗ್ಗರಣಿ, ಹುಣಸಿ-ಬೆಲ್ಲದ ಒಂದ ನೀರು,
ಒಂದ ಕೈ ಮ್ಯಾಲ ಕೆಳಗ ಮಾಡಿ ಕಲಸಿದ್ದು.
ಚುರುಮುರಿ ಯಾವ ಪೊಟ್ಟಣದಾಗೂ ಹೆಚ್ಚುಕಡಿಮಿ ಅಷ್ಟ.
ಶೇಂಗಾದ ಮಾತು ಬ್ಯಾರೆ:
ಬೊಗಸಿಗೆ ನಾಕೋ ಐದೋ ಬೀಳಬೇಕಾದಲ್ಲಿ
ನಿಮಗ ಒಂಬತ್ತು, ನನಗ ಒಂದೂ ಇಲ್ಲ.
ಯಾರೂ ಮೋಸ ಮಾಡಿಲ್ಲ.
ಸ್ವಲ್ಪ ಇದ್ದದ್ದು ಸಮ ಬೀಳೂದಿಲ್ಲ.

ಆ ಹುಳದ ಒಳಗೂ ಹಂಗ.
ಒಳಗಿನ ವಿಷಕ್ಕ ಲಗಾಮು ಹಿಡಿಯೋ ಕಣ ಎಣಿಸಿದ್ರ ಹತ್ತಿಪ್ಪತ್ತು.
ಸೀಳೋ ಹೊತ್ತಿಗೆ ಅಕ್ಕಗ ಹದಿನಾರು ಹೋಗಿ
ತಂಗಿಗೆ ಮೂರು ಬಂದ್ರ,
ತಂಗಿಗೆ ಜಂಪು ಹತ್ತತದ.
ಅಷ್ಟ.

ನನಗೂ ಗೊತ್ತು ಅಂಥಾ ನಿದ್ದಿ.
ಅಣ್ಣಿಗೇರಿಯಾಗ ಇಂಟರ್‌ವ್ಯೂ ಇದ್ದ ದಿನ
ಬಸ್ಸಿನಾಗ ಕಣ್ಣು ಮುಚ್ಚಿದಾಕಿ ಗದಗಿನಾಗ ತೆರದೆ.
ಆ ನೌಕರಿ ಹೋತು. ಮುಂದ ಆರು ತಿಂಗಳಿಗೆ ಆ ದವಾಖಾನಿ ಮುಚ್ಚಿತು.
ನಮ್ಮವ್ವ ಇವತ್ತಿಗೂ ಅಂತಾಳ, ನಿನಗ ಮೊದಲ ತಿಳದಿತ್ತು ಬಿಡು.
ಏನ್ ತಿಳದಿತ್ತು? ಜೊಲ್ಲು ಸುರಿಸಿ ಮಲಗಿದ್ದೆ.

ಏಳು ಚುಕ್ಕಿ ಎತ್ತಿ ಹೊಸಾ ತಟ್ಟ್ಯಾಗ ಬಿತ್ತಿದೆ,
ಅದ ಔಷಧ ಇಟ್ಟೆ.
ಮತ್ತ ಅದ ಬಯಲು, ಅದ ಇಪ್ಪತ್ನಾಕು.
ಬದುಕಿ ಬಂದವು ಏನೂ ಕಲತಿರಲಿಲ್ಲ,
ಮಕ್ಕಳಿಗೆ ಏನೂ ಕಲಿಸಿರಲಿಲ್ಲ.

ವರದಿ ಫಾರ್ಮಿನಾಗ ಎಲ್ಲಾಕ್ಕೂ ಕಾಲಂ ಅದ:
ಜೀವಿ, ಎಣಿಕಿ, ಔಷಧ, ಅಳತಿ.
ಬಲಕ್ಕ ಕಟ್ಟಕಡೀಕ, ಎರಡು ಬೆರಳ ಅಗಲ,
ಷರಾ.
ಹತ್ತೊಂಬತ್ತು ವರ್ಷದಾಗ ಅಲ್ಲಿ
ಅಡ್ಡಗೆರಿ ಬಿಟ್ಟು ಬ್ಯಾರೆ ಬರದಿರಲಿಲ್ಲ ನಾ.
ಇವತ್ತು ಸಣ್ಣ ಅಕ್ಷರದಾಗ, ಅಂಚಿಗೆ ಹೋಗಿ ಕೆಳಗ ಇಳದು, ಬರದೆ:
ರೋಗಿ ಗುಳಿಗಿ ಪೂರಾ ನುಂಗ್ಯಾರ. ನಾನು ಎಣಿಸೀನಿ.
ಡಾಕ್ಟರು ಕರದು ಕೇಳಬಹುದು, ಇದೇನು ಅಂತ.
ಕೇಳಲಿ.

ಮಧ್ಯಾಹ್ನ ಕಾಗದದ ಪೊಟ್ಟಣ ಬಂತು,
ಎಣ್ಣಿ ಜಿನುಗಿ ಹಳೇ ಸುದ್ದಿ ಕಾಣತಿತ್ತು.
ಚಟ ಬಿಡೂದಿಲ್ಲ, ಎಣಿಸಿದೆ.
ಶೇಂಗಾ ಹದಿನೇಳು.
ಇದು ತಾನಾಗೇ ಬಿದ್ದದ್ದಲ್ಲ.